ಹಸಿವನ್ನು ಹಿಡಿತಕ್ಕೆ ತರುವುದು ಹೇಗೆ? ಸೂಜಿಗೆ ಮೊದಲು, ಸೂಜಿಯ ಜೊತೆಗೆ, ಸೂಜಿಯ ನಂತರ

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಈಗ ಎಲ್ಲರದ್ದೂ ಒಂದೊಂದು ಮಾತು. "ಅದೊಂದು ತಗೊಂಡುಬಿಡಿ, ಸಾಕು" ಅನ್ನುವವರು ಕೆಲವರು. "ಬಾಯಿ ಕಟ್ಟೋಕೆ ಆಗದವರಿಗೆ ಮಾತ್ರ ಔಷಧಿ" ಅಂತ ಮೂಗು ಮುರಿಯುವವರು ಇನ್ನು ಕೆಲವರು. ಈ ಎರಡನೆಯ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಹಸಿವು ಯಾರ ಸ್ವಭಾವದ ತಪ್ಪೂ ಅಲ್ಲ. ಹೊಟ್ಟೆ, ಕರುಳು, ಮಿದುಳು ಮೂರೂ ಸೇರಿ ನಡೆಸುವ ವ್ಯವಹಾರ ಅದು. ಕೆಲವರಿಗೆ ಅದರ ಕರೆ ಮೆಲ್ಲಗೆ ಕೇಳಿಸುತ್ತದೆ, ಕೆಲವರಿಗೆ ದಿನವಿಡೀ ಜೋರಾಗಿ. ಹಾಗಾಗಿ ಔಷಧಿಯೋ ಸಹಜ ದಾರಿಯೋ ಎಂದು ಕೇಳುವ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆಯೇ ಇದೆ: ನನ್ನ ಹಸಿವು ಯಾವ ಥರದ್ದು?

ಹಂತ 1: ಒಂದು ವಾರ ಹಸಿವನ್ನು ಬರೆದಿಡಿ

ಒಂದು ಚಿಕ್ಕ ನೋಟ್‌ಬುಕ್ ಸಾಕು. ಏನಾದರೂ ಬಾಯಿಗೆ ಹಾಕುವ ಮೊದಲು ಸಮಯ ಬರೆಯಿರಿ. ಹಸಿವಿಗೆ 0ಯಿಂದ 10ರವರೆಗೆ ಒಂದು ಅಂಕ ಕೊಡಿ. ಏನು ತಿಂದಿರಿ, ಆಗ ಏನು ನಡೆಯುತ್ತಿತ್ತು ಅನ್ನುವುದನ್ನು ನಾಲ್ಕು ಪದದಲ್ಲಿ ಸೇರಿಸಿ. ನಾನು ಬರೆದ ಒಂದು ದಿನ ಹೀಗಿತ್ತು:

ಮಧ್ಯಾಹ್ನ 1:20. ಹಸಿವು 7. ಊಟ.
ಸಂಜೆ 4:50. ಹಸಿವು 3. ಆರು ಬಿಸ್ಕತ್ತು. ಫೋನಿನಲ್ಲಿ ಮಾತಿಗೆ ಮಾತು ಬೆಳೆದಿತ್ತು.
ರಾತ್ರಿ 11:15. ಹಸಿವು 2. ಫ್ರಿಜ್ ಬಾಗಿಲು ತೆರೆದು ನಿಂತೆ. ಏನು ಬೇಕು ಅಂತ ಗೊತ್ತಿಲ್ಲ.

ಒಂದು ವಾರ ಕಳೆದ ಮೇಲೆ ಪುಟ ತಿರುವಿ ನೋಡಿದರೆ ಮೂರು ಥರದ ಹಸಿವು ಕಾಣಬಹುದು. ನಿಜವಾದ ಹಸಿವು ನಿಧಾನವಾಗಿ ಏರುತ್ತದೆ, ಏನು ಕೊಟ್ಟರೂ ಒಪ್ಪುತ್ತದೆ. ಬಾಯಿಚಪಲ ಹಾಗಲ್ಲ. ದಿಢೀರ್ ಅಂತ ಬರುತ್ತದೆ, ಇಂಥದ್ದೇ ಬೇಕು ಅನ್ನುತ್ತದೆ. ಮೂರನೆಯದು ಗುಂಗು. ಹೊಟ್ಟೆ ತುಂಬ ಉಂಡಿದ್ದೀರಿ, ಆದರೂ ತಲೆಯೊಳಗೆ ಮುಂದಿನ ಊಟದ್ದೇ ಯೋಚನೆ. ಯಾವುದು ಜಾಸ್ತಿ ಇದೆ ಎಂದು ಗುರುತಿಸಿಕೊಳ್ಳಿ. ಮುಂದಿನ ಹೆಜ್ಜೆಗಳೆಲ್ಲ ಅದರ ಮೇಲೇ ನಿಂತಿವೆ.

ಹಿಂದೆ ಊಟ ಬಿಡುವ, ತಿಂದದ್ದನ್ನು ಕಕ್ಕುವ ತೊಂದರೆ ಇದ್ದವರು ಮಾತ್ರ ಈ ಲೆಕ್ಕ ಬರೆಯಲು ಹೋಗಬೇಡಿ. ನೇರವಾಗಿ ವೈದ್ಯರನ್ನೇ ಕಾಣಿ.

ಹಂತ 2: "ಸಾಕು" ಅನ್ನುವ ಸುದ್ದಿ ಹೇಗೆ ಹೋಗುತ್ತದೆ, ತಿಳಿದುಕೊಳ್ಳಿ

ಊಟ ಕರುಳಿಗೆ ಇಳಿದಾಗ ಅಲ್ಲಿನ ಕೆಲವು ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನ್ ಬಿಡುತ್ತವೆ. ಅದು ಹೊಟ್ಟೆ ಖಾಲಿಯಾಗುವ ವೇಗ ತಗ್ಗಿಸುತ್ತದೆ, ಇನ್ಸುಲಿನ್‌ಗೆ ಕೈಜೋಡಿಸುತ್ತದೆ, ಮಿದುಳಿಗೆ "ಸಾಕು" ಎಂದು ಹೇಳುತ್ತದೆ. ಆದರೆ ಅದರ ಆಯುಸ್ಸು ತೀರಾ ಕಡಿಮೆ. ಎರಡೇ ನಿಮಿಷದಲ್ಲಿ ಅರ್ಧಕ್ಕರ್ಧ ಒಡೆದುಹೋಗುತ್ತದೆ.

ಇದನ್ನು ಹೆಚ್ಚು ಹೊತ್ತು ಉಳಿಸುವುದು ಹೇಗೆ? ಒಂದು ಸುಳಿವು ಸಿಕ್ಕಿದ್ದು ಹಲ್ಲಿಯ ಜಾತಿಯ ಒಂದು ಪ್ರಾಣಿಯಿಂದ. ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಲ್ಲಿ ಜಿಎಲ್‌ಪಿ-1ನ್ನೇ ಹೋಲುವ, ಆದರೆ ಬೇಗ ಒಡೆಯದ ಒಂದು ಪದಾರ್ಥವನ್ನು ಅಮೆರಿಕದ ವೈದ್ಯ ಜಾನ್ ಎಂಗ್ ಕಂಡುಹಿಡಿದರು. ಅದರಿಂದ ಹುಟ್ಟಿದ ಎಕ್ಸೆನಟೈಡ್ ಎಂಬ ಸಕ್ಕರೆ ಕಾಯಿಲೆಯ ಔಷಧಿಗೆ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವತ್ತಿನ ತೂಕ ಇಳಿಸುವ ಸೂಜಿಯಲ್ಲಿರುವ ಸೆಮಾಗ್ಲುಟೈಡ್ ಇದೇ ಬಳಗದ್ದು. ಅದು ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ವಾರಕ್ಕೊಂದೇ ಸೂಜಿ ಸಾಕಾಗುವುದು ಅದಕ್ಕೇ. ಟಿರ್ಜೆಪಟೈಡ್ ಎಂಬ ಇನ್ನೊಂದು ಔಷಧಿ ಜಿಎಲ್‌ಪಿ-1ರ ಕೆಲಸದ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ.

ಅಂದರೆ ಒಳ್ಳೆಯ ಊಟವೂ ಈ ಸೂಜಿಯೂ ತಟ್ಟುವುದು ಒಂದೇ ಬಾಗಿಲನ್ನು. ಊಟ ಸ್ವಲ್ಪ ಹೊತ್ತು ತಟ್ಟುತ್ತದೆ. ಸೂಜಿ ವಾರವಿಡೀ ತಟ್ಟುತ್ತಲೇ ಇರುತ್ತದೆ, ಅದೂ ಬಹಳ ಜೋರಾಗಿ.

ಹಂತ 3: ಸಹಜ ದಾರಿಗೆ ಆರು ವಾರ ಕೊಡಿ

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ನಾನು ಹೇಳುವ ಕ್ರಮ ಇದು.

ಮೊದಲು ನಿದ್ದೆ. ತಟ್ಟೆಗಿಂತ ಮೊದಲು ನಿದ್ದೆಯಾ ಅಂತ ಅನ್ನಿಸಬಹುದು. 2004ರಲ್ಲಿ ಬಂದ ಒಂದು ಅಧ್ಯಯನದಲ್ಲಿ 12 ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿದರು. ಹತ್ತು ಗಂಟೆ ಮಲಗಿಸಿದಾಗಿನ ಲೆಕ್ಕಕ್ಕೆ ಹೋಲಿಸಿದರೆ ಹಸಿವು ಎಬ್ಬಿಸುವ ಗ್ರೆಲಿನ್ 28% ಏರಿತ್ತು, ತೃಪ್ತಿ ಕೊಡುವ ಲೆಪ್ಟಿನ್ 18% ಇಳಿದಿತ್ತು. ಚಿಕ್ಕ ಅಧ್ಯಯನ ನಿಜ. ಆದರೆ ನಿದ್ದೆಗೆಟ್ಟ ಮರುದಿನ ಕೈ ಎತ್ತ ಹೋಗುತ್ತದೆ ಅಂತ ನಿಮ್ಮ ನೋಟ್‌ಬುಕ್ಕೇ ಹೇಳುತ್ತದೆ, ನೋಡಿ.

ಆಮೇಲೆ ಪ್ಯಾಕೆಟ್ ತಿಂಡಿ ಕಡಿಮೆ ಮಾಡುವುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತರುವುದು ಇದೇ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸಂಶೋಧಕ ಕೆವಿನ್ ಹಾಲ್ ತಂಡ 20 ಜನರನ್ನು ನಾಲ್ಕು ವಾರ ಅಲ್ಲಿಯೇ ಉಳಿಸಿಕೊಂಡಿತು. ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಆಹಾರ. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸರಿಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದಿದ್ದರು. ಸಂಸ್ಕರಿಸಿದ ಆಹಾರ ತಿಂದಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ಸುಮಾರು 0.9 ಕಿಲೋ ಏರಿದರು. ಸಾದಾ ಆಹಾರದಲ್ಲಿ ಅಷ್ಟೇ ಇಳಿದರು. ಜನ ಅವರೇ, ಮನಸ್ಸಿನ ಗಟ್ಟಿತನವೂ ಅದೇ. ಬದಲಾದದ್ದು ತಟ್ಟೆ ಮಾತ್ರ.

ಮೂರನೆಯದು ಪ್ರೋಟೀನ್ ಮತ್ತು ನಾರು. ಪ್ರತಿ ಊಟದಲ್ಲೂ, ಮುಖ್ಯವಾಗಿ ದಿನದ ಮೊದಲ ಊಟದಲ್ಲಿ, ಬೇಳೆಕಾಳು, ಮೊಟ್ಟೆ, ಮೀನು, ಮೊಸರು ಇಂಥದ್ದು ಏನಾದರೂ ಇರಲಿ. ಜೊತೆಗೆ ಅರ್ಧ ತಟ್ಟೆ ತರಕಾರಿ. ನಾರು ಕರುಳಿನ ಕೊನೆಯ ಭಾಗಕ್ಕೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅವು ಬಿಡುವ ಆಮ್ಲಗಳು ಜಿಎಲ್‌ಪಿ-1 ಬಿಡುವ ಕೋಶಗಳನ್ನು ಎಬ್ಬಿಸುತ್ತವೆ. ನಾರನ್ನು ಮಾತ್ರ ನಿಧಾನವಾಗಿ ಏರಿಸಿ, ನೀರು ಜಾಸ್ತಿ ಕುಡಿಯಿರಿ. ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸಿ ಮೂರೇ ದಿನಕ್ಕೆ ಬಿಟ್ಟುಬಿಡುತ್ತೀರಿ.

ತರಕಾರಿ, ಪ್ರೋಟೀನ್ ಮೊದಲು ತಿಂದು ಪಿಷ್ಟ ಕೊನೆಗೆ ತಿನ್ನಿ. ಒಂದು ಊಟಕ್ಕೆ ಇಪ್ಪತ್ತು ನಿಮಿಷ ಕೊಡಿ. ಕರುಳಿನ ಸುದ್ದಿ ಮಿದುಳಿಗೆ ಮುಟ್ಟಬೇಕಲ್ವಾ?

ಬಾಯಿಚಪಲಕ್ಕೆ ಮಾತ್ರ ಇದ್ಯಾವುದೂ ನೇರ ಮದ್ದಲ್ಲ. ಅದು ಬರುವ ಹೊತ್ತು ನಿಮ್ಮ ನೋಟ್‌ಬುಕ್ಕಿನಲ್ಲಿದೆ. ಆ ಹೊತ್ತಿಗೆ ಹತ್ತು ನಿಮಿಷ ನಡೆದು ಬನ್ನಿ. ಚಪಲದ ತಿಂಡಿ ಕಣ್ಣಿಗೆ ಬೀಳದ ಕಡೆ ಇರಲಿ. ನನ್ನ 4:50ರ ಬಿಸ್ಕತ್ತು ನಿಂತದ್ದು ಡಬ್ಬವನ್ನು ಮೇಜಿನಿಂದ ಮೇಲಿನ ಕಪಾಟಿಗೆ ಇಟ್ಟ ಮೇಲೆ.

ಹಂತ 4: ಎಷ್ಟು ನಿರೀಕ್ಷಿಸಬೇಕು, ನೇರವಾಗಿ ನೋಡಿ

ಸಹಜ ದಾರಿ ಸೂಜಿಗೆ ಸಮ ಅಂತ ನಾನು ಹೇಳುವುದಿಲ್ಲ. 2021ರಲ್ಲಿ ಪ್ರಕಟವಾದ ಸೆಮಾಗ್ಲುಟೈಡ್ ಪರೀಕ್ಷೆಯಲ್ಲಿ 1,961 ಜನರಿದ್ದರು. ಎಲ್ಲರಿಗೂ ಊಟ, ವ್ಯಾಯಾಮದ ಸಲಹೆ ಸಿಕ್ಕಿತ್ತು. 68 ವಾರಕ್ಕೆ ಔಷಧಿ ತೆಗೆದುಕೊಂಡವರ ತೂಕ ಸರಾಸರಿ 14.9% ಇಳಿಯಿತು. ಸಲಹೆಯ ಜೊತೆ ಔಷಧಿಯಿಲ್ಲದ ಸೂಜಿ ಪಡೆದವರದು 2.4%. ಟಿರ್ಜೆಪಟೈಡ್‌ನ ದೊಡ್ಡ ಡೋಸಿನಲ್ಲಿ 72 ವಾರಕ್ಕೆ ಸುಮಾರು 20% ಇಳಿದದ್ದೂ ಇದೆ.

ಹಾಗಂತ ಸ್ವಲ್ಪ ಇಳಿದರೆ ಏನು ಉಪಯೋಗ ಅನ್ನಬೇಡಿ. 2002ರ ಅಮೆರಿಕದ ಸಕ್ಕರೆ ಕಾಯಿಲೆ ತಡೆ ಅಧ್ಯಯನದಲ್ಲಿ 7% ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ಚಟುವಟಿಕೆಯ ಗುರಿ ಇಟ್ಟುಕೊಂಡವರಲ್ಲಿ ಕಾಯಿಲೆ ಬರುವ ಸಾಧ್ಯತೆ 58% ತಗ್ಗಿತ್ತು.

ಒಜೆಂಪಿಕ್ ಅನ್ನುವುದು ಸೆಮಾಗ್ಲುಟೈಡ್ ಸೂಜಿಯ ಒಂದು ಬ್ರಾಂಡ್ ಹೆಸರು. "ಸಹಜ ಒಜೆಂಪಿಕ್" ಅಂತ ಮಾರುವ, ಗಿಡಗಳಿಂದ ತೆಗೆದ ಬರ್ಬೆರಿನ್ ಮಾತ್ರೆ, ಪುಡಿಗಳಿಗೆ ದುಡ್ಡು ಸುರಿಯಬೇಡಿ. ಆ ಹೆಸರಿಗೆ ತಕ್ಕ ಫಲ ಅವುಗಳಲ್ಲಿಲ್ಲ. ಬೇರೆ ಔಷಧಿಗಳ ಜೊತೆ ಅವು ತೊಡಕನ್ನೂ ತರಬಹುದು.

ಹಂತ 5: ವೈದ್ಯರ ಹತ್ತಿರ ಯಾವಾಗ, ಏನು ಹೇಳಬೇಕು

ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ದಾಟಿದವರು ಅಥವಾ 27 ದಾಟಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥ ತೊಂದರೆ ಇರುವವರು: ಈ ಔಷಧಿಗಳ ಪರೀಕ್ಷೆ, ಒಪ್ಪಿಗೆ ನಡೆದದ್ದು ಬಹುಮಟ್ಟಿಗೆ ಇಂಥವರಿಗಾಗಿ. ಅದರಲ್ಲೂ ನೋಟ್‌ಬುಕ್ ತುಂಬ ಗುಂಗೇ ಇದ್ದರೆ ಇನ್ನೊಂದು ವರ್ಷ ನಿಮ್ಮನ್ನೇ ಬೈದುಕೊಂಡು ಕೂರಬೇಡಿ. ಆ ಪುಟಗಳನ್ನೇ ವೈದ್ಯರ ಮುಂದಿಡಿ. ಈಗಾಗಲೇ ಹೃದ್ರೋಗ ಇದ್ದು ತೂಕ ಜಾಸ್ತಿ ಇರುವವರಲ್ಲಿ ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯವನ್ನು 20% ತಗ್ಗಿಸಿತು ಎಂದು 2023ರ ಪರೀಕ್ಷೆ ತೋರಿಸಿದೆ. ಅಂಥವರಿಗೆ ಇದು ಬರೀ ತೂಕದ ವಿಷಯವಲ್ಲ.

ಕೆಲವು ಸಂಗತಿ ಕೇಳದಿದ್ದರೂ ಹೇಳಿ. ಮನೆಯಲ್ಲಿ ಯಾರಿಗಾದರೂ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಆಗಿದೆಯಾ, ನಿಮಗೆ ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತಾ, ಪಿತ್ತಕೋಶದ ಕಲ್ಲು ಇದೆಯಾ. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೀರಾ. ಗರ್ಭಿಣಿಯಾಗುವ ಯೋಚನೆ ಇದ್ದರೆ ಸೆಮಾಗ್ಲುಟೈಡ್ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಂದಿಸಬಹುದು.

ಚೀಟಿ ಇಲ್ಲದೆ ಆನ್‌ಲೈನ್‌ನಲ್ಲಿ ತರಿಸುವ ಸಾಹಸ ಬೇಡವೇ ಬೇಡ. ನಕಲಿ ಸೆಮಾಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲೇ ಎಚ್ಚರಿಸಿದೆ.

ಹಂತ 6: ಸೂಜಿ ಶುರುವಾದ ಮೇಲೆ

ತೂಕಕ್ಕೆಂದು ಕೊಡುವ ಸೆಮಾಗ್ಲುಟೈಡ್ ವಾರಕ್ಕೆ 0.25 ಮಿಲಿಗ್ರಾಂನಿಂದ ಶುರುವಾಗಿ ತಿಂಗಳಿಗೊಮ್ಮೆ ಏರುತ್ತಾ 2.4ಕ್ಕೆ ಹೋಗುತ್ತದೆ. ಬೇಗ ಇಳಿಯಲಿ ಅಂತ ನೀವೇ ಡೋಸ್ ಏರಿಸಬೇಡಿ. ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಹೆಚ್ಚಾಗುವುದು ಡೋಸ್ ಏರುವ ದಿನಗಳಲ್ಲೇ. ಕಡಿಮೆ ಬಡಿಸಿಕೊಳ್ಳಿ, ಎಣ್ಣೆಯ ತಿಂಡಿ ದೂರವಿಡಿ, ಹೊಟ್ಟೆ ಸಾಕೆಂದಾಗ ಕೈ ತೊಳೆಯಿರಿ. ಹೊಟ್ಟೆಯಲ್ಲಿ ತಡೆಯಲಾರದ ನೋವು ಬಂದು ಬೆನ್ನಿಗೂ ಹರಡಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಹಸಿವೇ ಇಲ್ಲ ಅಂತ ಊಟ ಬಿಡುವವರನ್ನು ಕಂಡರೆ ನನಗೆ ಭಯ. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಇರುತ್ತದೆ. ಪ್ರೋಟೀನ್ ತಪ್ಪಿಸಬೇಡಿ. ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಮಾಡಿ. ಮೂರನೆಯ ಹಂತದ ಅಭ್ಯಾಸಗಳಿಗೆ ನಿಜವಾದ ಬೆಲೆ ಬರುವುದು ಈಗ. ಗುಂಗು ಅಡಗಿರುವ ಈ ದಿನಗಳಲ್ಲಿ ಅವನ್ನು ಕೂರಿಸಿಕೊಳ್ಳುವುದು ಸುಲಭ.

ಹಂತ 7: ನಿಲ್ಲಿಸುವಾಗ

2021ರ ಪರೀಕ್ಷೆಯಲ್ಲಿದ್ದ ಕೆಲವರನ್ನು ಔಷಧಿ ನಿಂತ ಮೇಲೂ ಒಂದು ವರ್ಷ ಗಮನಿಸಿದರು. ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಅವರೆಲ್ಲ ಸೋಮಾರಿಗಳಾದರು ಅಂತಲ್ಲ. ಬಾಗಿಲು ತಟ್ಟುತ್ತಿದ್ದ ಕೈ ನಿಂತಿತು, ಹಸಿವು ಎಂದಿನಂತೆ ಮರಳಿತು. ಹಾಗಾಗಿ ಎಷ್ಟು ದಿನ ತೆಗೆದುಕೊಳ್ಳಬೇಕು ಅನ್ನುವುದನ್ನು ಮೊದಲ ಸೂಜಿಗೂ ಮುಂಚೆಯೇ ವೈದ್ಯರ ಹತ್ತಿರ ಮಾತಾಡಿ.

ನಿಲ್ಲಿಸಿದ ದಿನವೇ ಹಸಿವು ವಾಪಸ್ ಬರುವುದಿಲ್ಲ. ಕೊನೆಯ ಸೂಜಿಯ ನಂತರ ಐದು ವಾರಕ್ಕೂ ಮೇಲೆ ಸೆಮಾಗ್ಲುಟೈಡ್ ಮೈಯಲ್ಲಿ ಸ್ವಲ್ಪ ಸ್ವಲ್ಪ ಉಳಿದಿರುತ್ತದೆ. ಆ ವಾರಗಳಲ್ಲಿ ನೋಟ್‌ಬುಕ್ ಮತ್ತೆ ತೆಗೆಯಿರಿ. ಹಸಿವಿನ ಅಂಕ ವಾರದಿಂದ ವಾರಕ್ಕೆ ಏರುತ್ತಿದ್ದರೆ ತೂಕ ಏರುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.