ಹೊಸ ಬೋರ್‌ವೆಲ್ ಕೊರೆಸುವ ಮೊದಲು ಊರಿನ ನೀರಿಗೆ ಮಾಡಬೇಕಾದ ಕೆಲಸಗಳು

ನೀರು ಸಾಲ್ತಿಲ್ಲ ಅಂದ ಕೂಡಲೇ ಎಲ್ಲರೂ ಹೇಳುವುದು ಹೊಸ ಬೋರ್‌ವೆಲ್, ದೊಡ್ಡ ಮೋಟರ್. ಸ್ವಲ್ಪ ತಡೆಯಿರಿ. ಇರುವ ನೀರು ಎಲ್ಲಿ ಹೋಗ್ತಿದೆ ಅಂತ ಮೊದಲು ನೋಡಿ.

ಅದಕ್ಕೆ ರಾತ್ರಿ 2ರಿಂದ 4 ಗಂಟೆ ಒಳ್ಳೇ ಹೊತ್ತು, ಆಗ ಬಳಕೆ ತೀರಾ ಕಡಿಮೆ. ಮನೆಗಳ ಸಂಪು ಮೊದಲೇ ತುಂಬಿರಲಿ, ಇಲ್ಲದಿದ್ದರೆ ಅವು ತುಂಬುವ ನೀರೂ ಸೋರಿಕೆಯಂತೆ ಕಾಣುತ್ತದೆ. ಊರಿನ ಟ್ಯಾಂಕಿಗೆ ನೀರು ಏರಿಸುವುದನ್ನು ನಿಲ್ಲಿಸಿ, ಒಳಗಿನ ಮಟ್ಟಕ್ಕೆ ಗುರುತು ಹಾಕಿ, ಒಂದು ಗಂಟೆ ಬಿಟ್ಟು ನೋಡಿ. ಇಳಿದಿದ್ದರೆ ಒಂದೊಂದೇ ಬೀದಿಯ ವಾಲ್ವ್ ಮುಚ್ಚುತ್ತಾ ಬನ್ನಿ, ಯಾವುದನ್ನು ಮುಚ್ಚಿದಾಗ ನೀರು ಇಳಿಯುವುದು ನಿಲ್ಲುತ್ತದೋ ಆ ಬೀದಿಯಲ್ಲೇ ಸೋರಿಕೆ ಇದೆ. ಕಬ್ಬಿಣದ ಪೈಪಾದರೆ, ವಾಲ್ವ್ ತಿರುಗಿಸಿ ಮತ್ತೆ ನೀರು ಬಿಟ್ಟು, ಪೈಪಿನ ಮೇಲೆ ಕಬ್ಬಿಣದ ಸರಳಿನ ಒಂದು ತುದಿ ಇಟ್ಟು ಇನ್ನೊಂದಕ್ಕೆ ಕಿವಿ ಕೊಡಿ. ಸುಯ್ ಅನ್ನುವ ಸದ್ದು ಸೋರಿಕೆಯ ಹತ್ತಿರ ಹೋದಷ್ಟೂ ಜೋರಾಗುತ್ತದೆ. ಪ್ಲಾಸ್ಟಿಕ್ ಪೈಪಿನಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ.

ಇದು ಬರೀ ನೀರು ಪೋಲಾಗುವ ಮಾತಲ್ಲ. ಸಪ್ಲೈ ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ, ಪಕ್ಕದ ಚರಂಡಿ ನೀರು ಅದೇ ತೂತಿನಿಂದ ಒಳಗೆ ನುಗ್ಗುತ್ತದೆ.

ಆಮೇಲೆ ಮೂಲದ ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. 100 ಮಿಲಿಲೀಟರ್‌ನಲ್ಲಿ ಇ. ಕೋಲಿ (ನೀರಿಗೆ ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ) ಒಂದೂ ಇರಬಾರದು, ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ ಕುದಿಸಿದರೂ ಹೋಗುವುದಿಲ್ಲ, ಹಾಗಾಗಿ ದುಡ್ಡು ಸುರಿಯುವ ಮೊದಲೇ ಇದು ಗೊತ್ತಿರಬೇಕು.

ಟ್ಯಾಂಕ್ ತೊಳೆದ ಮೇಲೆ ನೀರು ತುಂಬಿ, 1,000 ಲೀಟರಿಗೆ ಸುಮಾರು 150 ಗ್ರಾಂ ಒಳ್ಳೇ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ ಬಕೆಟ್‌ನಲ್ಲಿ ಕಲಸಿ, ಮೇಲಿನ ತಿಳಿಯನ್ನು ಮಾತ್ರ ಹಾಕಿ. ಒಂದು ದಿನ ಬಿಟ್ಟು ಅಷ್ಟನ್ನೂ ಹೊರಗೆ ಬಿಡಿ, ಯಾರೂ ಕುಡಿಯಬಾರದು, ಕೆರೆಗೂ ಹೋಗಬಾರದು. ದಿನನಿತ್ಯದ ಕ್ಲೋರಿನ್ ಲೆಕ್ಕ ಬೇರೆ: ಕೊನೇ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಟ್ಯಾಂಕಿನ ಬುಡದಲ್ಲಿ ಅಳೆದು ಸುಮ್ನಾಗಬೇಡಿ.

ಈಗ ತುರ್ತಿನ ನೀರು. ಕುಡಿಯಲು, ಅಡುಗೆಗೆ, ಮೈಕೈ ತೊಳೆಯಲು ಒಬ್ಬರಿಗೆ ದಿನಕ್ಕೆ 15 ಲೀಟರ್ ಹಿಡಿಯಿರಿ. ಸಾವಿರ ಜನರಿಗೆ ಮೂರು ದಿನಕ್ಕೆ 45,000 ಲೀಟರ್ ಆಯ್ತು. ಇಷ್ಟನ್ನು ಮುಟ್ಟಬಾರದು ಅಂತ ಬೋರ್ಡ್ ಹಾಕಿದರೆ ಉಳಿಯುವುದಿಲ್ಲ. ಟ್ಯಾಂಕಿಗೆ ಎರಡು ಔಟ್‌ಲೆಟ್ ಇಡಿಸಿ: ದಿನದ ಸಪ್ಲೈಗೆ ಆ 45,000 ಲೀಟರ್ ನಿಲ್ಲುವ ಮಟ್ಟಕ್ಕಿಂತ ಮೇಲೊಂದು, ಬುಡದಲ್ಲಿ ಬೀಗ ಹಾಕಿದ ಇನ್ನೊಂದು. ಮೇಲಿನದು ಬರಿದಾದಾಗಲೂ ಕೆಳಗಿನ ನೀರು ಇದ್ದೇ ಇರುತ್ತದೆ. ಒಳಬರುವ ಪೈಪನ್ನು ತಳದವರೆಗೆ ಇಳಿಸಿ, ಹೊಸ ನೀರು ಹಳೆಯದನ್ನು ಮೇಲಕ್ಕೆ ತಳ್ಳುತ್ತದೆ, ತಳದ ನೀರು ಹಳಸುವುದಿಲ್ಲ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ.

ಕರೆಂಟ್ ಹೋದಾಗ ಬೇಕಾಗುವ ಜನರೇಟರನ್ನು ತಿಂಗಳಿಗೊಮ್ಮೆ ಮೋಟರ್‌ಗೆ ಕೊಟ್ಟೇ ಓಡಿಸಿ ನೋಡಿ. ಟ್ಯಾಂಕರ್ ಬಂದರೆ ಇಳಿಸುವ ಮೊದಲೇ ಕ್ಲೋರಿನ್ ಪರೀಕ್ಷಿಸಿ. ನೀರಿನಲ್ಲಿ ರೋಗಾಣು ಇರಬಹುದು ಅನ್ನಿಸಿದರೆ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಲು ಮನೆಮನೆಗೂ ಹೇಳಿ.

ಕೆಳಗಿನ ಔಟ್‌ಲೆಟ್‌ನ ಬೀಗದ ಕೀ ಇಬ್ಬರ ಹತ್ತಿರ ಇರಲಿ. ಹಾಸಿಗೆ ಹಿಡಿದವರು, ಒಂಟಿ ವೃದ್ಧರು, ಬಾಣಂತಿಯರು ಇರುವ ಮನೆಗಳ ಪಟ್ಟಿ ಈಗಲೇ ಬರೆದಿಡಿ. ಅವರು ಕೊಡ ಹಿಡಿದು ಸಾಲಿನಲ್ಲಿ ನಿಲ್ಲಲಾರರು, ಅಲ್ವಾ? ಮೊದಲ ನೀರು ಅವರ ಮನೆ ಬಾಗಿಲಿಗೇ ಹೋಗಲಿ.