ಊರಿಗೆ ಹೊರಡುವ ಮುನ್ನ: 2022ರಲ್ಲಿ ಏರ್ ಸುವಿಧಾ ಫಾರಂ ತುಂಬಿಸುತ್ತಿದ್ದ ಬಗೆ

2022ರ ಫೆಬ್ರುವರಿಯಲ್ಲಿ ಅಕ್ಕನ ಮಗಳು ಅಮೆರಿಕದ ವಿಮಾನ ನಿಲ್ದಾಣದ ನೆಲದ ಮೇಲೆ ಕುಳಿತು, ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು ಏರ್ ಸುವಿಧಾ ಫಾರಂ ತುಂಬಿಸಿದಳು. ಕೋವಿಡ್ ಕಾಲದಲ್ಲಿ ವಿದೇಶದಿಂದ ಭಾರತಕ್ಕೆ ಬರುವವರು ಅಂತರ್ಜಾಲದಲ್ಲಿ ತುಂಬಬೇಕಿದ್ದ ಆರೋಗ್ಯದ ಘೋಷಣೆ ಅದು. ಅಷ್ಟರಲ್ಲಿ ಅವಳ ಹಿಂದಿದ್ದವರೆಲ್ಲ ಚೆಕ್‌ಇನ್ ಮುಗಿಸಿ ಹೋಗಿದ್ದರು. ಆಗ ಈ ಫಾರಂ ಇಲ್ಲದವರನ್ನು ಭಾರತದ ವಿಮಾನ ಹತ್ತಿಸುತ್ತಿರಲಿಲ್ಲ. ಈಗ ಆ ನಿಯಮ ಇಲ್ಲ. ಆ ವರ್ಷದ ಮಾರ್ಚ್ 27ರಿಂದ, ಎರಡು ವರ್ಷಗಳ ನಂತರ, ವಿದೇಶಿ ವಿಮಾನಗಳು ಮತ್ತೆ ಮಾಮೂಲಿನಂತೆ ಹಾರತೊಡಗಿದವು. ಆ ಯುಗಾದಿಗೆ ಬರುವವರಿಗೆಂದು ಬರೆದದ್ದು ಇದು. ಇಲ್ಲಿರುವುದು 2022ರ ಫೆಬ್ರುವರಿ 14ರಿಂದ ಜಾರಿಯಲ್ಲಿದ್ದ ನಿಯಮ. ಇಂದು ಹೊರಡುವವರು ಈಗಿನ ನಿಯಮ ನೋಡಿಕೊಳ್ಳಿ. ಅದಕ್ಕೂ ಮುಂಚೆ, ಜನವರಿಯಲ್ಲಿ ಬಂದವರು ಏಳು ದಿನ ಮನೆಯಲ್ಲೇ ಕೂರಬೇಕಿತ್ತು.

ಹಂತ 1: ಬೆಂಗಳೂರಿನಲ್ಲಿ ಇಳಿಯುವವರಿಗೂ ಫಾರಂ ಸಿಗುತ್ತಿದ್ದದ್ದು ದೆಹಲಿ ವಿಮಾನ ನಿಲ್ದಾಣದ ಜಾಲತಾಣದಲ್ಲಿ. ಅದೇ ಹೆಸರು ಹಾಕಿಕೊಂಡು ದುಡ್ಡು ಕೀಳುವ ತಾಣಗಳೂ ಇದ್ದವು. ಇದಕ್ಕೆ ಚಿಕ್ಕಾಸಿನ ಶುಲ್ಕವೂ ಇರಲಿಲ್ಲ. ಕಾರ್ಡ್ ಸಂಖ್ಯೆ ಕೇಳಿದ ಕೂಡಲೇ ಆ ಪುಟ ಮುಚ್ಚಬೇಕಿತ್ತು.

ಹಂತ 2: ಪಾಸ್‌ಪೋರ್ಟ್ ಸಂಖ್ಯೆ, ವಿಳಾಸ, ಹಿಂದಿನ 14 ದಿನ ಎಲ್ಲೆಲ್ಲಿದ್ದಿರಿ ಎಂಬ ವಿವರ ಕೊಡಬೇಕಿತ್ತು. ವಿಮಾನದ ಸಂಖ್ಯೆ ಕೇಳಿದಾಗ ಭಾರತದಲ್ಲಿ ಇಳಿಯುವ ವಿಮಾನದ್ದನ್ನು ಕೊಡಬೇಕಿತ್ತು, ಮನೆಯಿಂದ ಹೊರಟದ್ದರದ್ದಲ್ಲ. ಫ್ರಾಂಕ್‌ಫರ್ಟ್‌ನಿಂದ ಬರುವ ವಿಮಾನ ನಡುರಾತ್ರಿ ದಾಟಿ ಇಳಿದರೆ ದಿನಾಂಕವೂ ಬದಲಾಗಿರುತ್ತದೆ.

ಹಂತ 3: ಎಲ್ಲರೂ ಎಡವುತ್ತಿದ್ದದ್ದು ಇಲ್ಲೇ. ಲಸಿಕೆ ಪ್ರಮಾಣಪತ್ರ, ಇಲ್ಲವೇ ಹೊರಡುವ ಮುಂಚಿನ 72 ಗಂಟೆಗಳೊಳಗೆ ಮಾಡಿಸಿದ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ, ಎರಡರಲ್ಲೊಂದನ್ನು ಸೇರಿಸಬೇಕಿತ್ತು. ಲಸಿಕೆ ಪತ್ರ ಸಾಕಾಗುತ್ತಿದ್ದದ್ದು ಸರ್ಕಾರದ ಪಟ್ಟಿಯಲ್ಲಿರುವ ದೇಶಗಳಿಂದ ಬರುವವರಿಗೆ ಮಾತ್ರ. ಅಮೆರಿಕ, ಬ್ರಿಟನ್ ಅದರಲ್ಲಿದ್ದವು.

ಅಮೆರಿಕದ ಲಸಿಕೆ ಕಾರ್ಡ್ ಅಂಗೈಯಗಲದ ಬಿಳಿ ರಟ್ಟಾಗಿತ್ತು. ಲಸಿಕೆಯ ಹೆಸರು, ಲಾಟ್ (ತಯಾರಿಕೆಯ ಕಂತಿನ) ಸಂಖ್ಯೆ, ದಿನಾಂಕ ಬಹುಪಾಲು ಕೈಬರಹದಲ್ಲಿರುತ್ತಿದ್ದವು. ಮಂಚದ ಮೇಲಿಟ್ಟು ಫೋಟೊ ತೆಗೆದರೆ ಹೊದಿಕೆಯ ಹೂವು ಚೆನ್ನಾಗಿ ಬರುತ್ತಿತ್ತು, ದಿನಾಂಕ ಮಸುಕಾಗುತ್ತಿತ್ತು. ಕಿಟಕಿಯ ಪಕ್ಕ, ಬರಿಯ ಮೇಜಿನ ಮೇಲಿಡಬೇಕಿತ್ತು. ಹೆಬ್ಬೆರಳು ಚೌಕಟ್ಟಿನಿಂದ ಹೊರಗಿರಬೇಕಿತ್ತು. ಫೋಟೊವನ್ನು ಹಾಗೆಯೇ ಹಾಕಲಾಗುತ್ತಿರಲಿಲ್ಲ, ಪಿಡಿಎಫ್ ಆಗಬೇಕಿತ್ತು, ಅದೂ ಒಂದು ಎಂಬಿಯೊಳಗೆ. ಐಫೋನಿನ ನೋಟ್ಸ್‌ನಲ್ಲಿ, ಆಂಡ್ರಾಯ್ಡ್ ಆದರೆ ಗೂಗಲ್ ಡ್ರೈವ್‌ನಲ್ಲಿ ಸ್ಕ್ಯಾನ್ ಮಾಡುವ ಸೌಲಭ್ಯ ಇದೆ. ಕಪ್ಪು-ಬಿಳುಪು ಆರಿಸಿಕೊಂಡರೆ ಕಡತ ತಾನಾಗಿಯೇ ಹಗುರಾಗುತ್ತದೆ. ‘ಉಚಿತವಾಗಿ ಪಿಡಿಎಫ್ ಕುಗ್ಗಿಸುತ್ತೇವೆ’ ಎನ್ನುವ ಯಾವುದೋ ತಾಣಕ್ಕೆ ಪಾಸ್‌ಪೋರ್ಟ್ ಪ್ರತಿ ಒಪ್ಪಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಹೆಸರು. ನಮ್ಮವರ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು ಅಪ್ಪನ ಹೆಸರೋ ಊರಿನ ಹೆಸರೋ ಆಗಿರುತ್ತದೆ. ಇಡೀ ಹೆಸರು ಒಂದೇ ಸಾಲಿನಲ್ಲಿ ಬಿದ್ದಿದ್ದರೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂಬ ಮೂರಕ್ಷರ ಅಂಟಿಕೊಳ್ಳುತ್ತದೆ. ಅದು ಲಸಿಕೆ ಕಾರ್ಡಿಗೂ ಹತ್ತಿರಬಹುದಿತ್ತು. ಫಾರಂನಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಬೇಕಿತ್ತು, ವೀಸಾದ್ದನ್ನು ನಕಲು ಮಾಡಬಾರದಿತ್ತು. ಕಾರ್ಡಿನಲ್ಲಿ ಬೇರೆ ಥರ ಇದ್ದರೆ ಪಾಸ್‌ಪೋರ್ಟ್ ಜೊತೆಗೇ ಕೈಯಲ್ಲಿರಬೇಕಿತ್ತು.

ಅಪ್ಪ ಅಮ್ಮನ ಲಸಿಕೆ ಮಕ್ಕಳಿಗೆ ಲೆಕ್ಕಕ್ಕಿರಲಿಲ್ಲ. ಪರೀಕ್ಷೆಯಿಂದ ವಿನಾಯಿತಿ ಇದ್ದದ್ದು ಐದು ವರ್ಷದೊಳಗಿನವರಿಗೆ ಮಾತ್ರ. ಲಸಿಕೆ ಹಾಕಿಸದ ಆರು ವರ್ಷದ ಹುಡುಗನಿಗೆ ಆರ್‌ಟಿ-ಪಿಸಿಆರ್ ಬೇಕೇ ಬೇಕಿತ್ತು. ಮನೆಯಲ್ಲಿ ಮಾಡುವ ಕಿಟ್ಟಿನ ಫಲಿತಾಂಶ ನಡೆಯುತ್ತಿರಲಿಲ್ಲ. ಗಂಟೆ ಎಣಿಸುತ್ತಿದ್ದದ್ದು ಮೂಗಿನ ಮಾದರಿ ಕೊಟ್ಟ ಹೊತ್ತಿನಿಂದ, ವರದಿ ಕೈಗೆ ಬಂದಾಗಿನಿಂದಲ್ಲ. ಭಾನುವಾರ ರಾತ್ರಿ ವಿಮಾನವಿದ್ದರೆ ಶುಕ್ರವಾರ ಬೆಳಿಗ್ಗೆ ಮಾಡಿಸಿದರೆ ಸರಿಹೋಗುತ್ತಿತ್ತು.

ಹಂತ 4: ಸಲ್ಲಿಸಿ, ಪ್ರಿಂಟ್ ತೆಗೆದುಕೊಳ್ಳಬೇಕಿತ್ತು. ಮೊಬೈಲಿನಲ್ಲಿದ್ದರೆ ಸಾಲದೇ ಎನ್ನುತ್ತಿದ್ದರು. ಹತ್ತೊಂಬತ್ತು ಗಂಟೆ ಹಾರಿದ ಮೇಲೆ ಬ್ಯಾಟರಿ ಎಷ್ಟಿರುತ್ತದೆ ಎಂದು ನಾನು ಕೇಳುತ್ತಿದ್ದೆ.

ಇಳಿದ ಮೇಲೆ ಪ್ರಯಾಣಿಕರಲ್ಲಿ ಶೇ 2ರಷ್ಟು ಮಂದಿಯನ್ನು ಆರಿಸಿ ಪರೀಕ್ಷಿಸುತ್ತಿದ್ದರು. ಹೆಸರು ಬಂದರೆ ಗಾಬರಿ ಬೇಕಿರಲಿಲ್ಲ. ಮಾದರಿ ಕೊಟ್ಟು ಹೊರಡಬಹುದಿತ್ತು, ಫಲಿತಾಂಶಕ್ಕೆ ಅಲ್ಲೇ ಕಾಯಬೇಕಿರಲಿಲ್ಲ. ಕರೆದೊಯ್ಯಲು ಬಂದವರಿಗೆ ಮಾತ್ರ ಮೊದಲೇ ಹೇಳಿಡಬೇಕಿತ್ತು, ಇಲ್ಲದಿದ್ದರೆ ಹೊರಗೆ ನಿಂತವರು ಸುಮ್ಮನೆ ಫೋನ್ ಮೇಲೆ ಫೋನ್ ಮಾಡುತ್ತಿದ್ದರು.