ಒಂಬತ್ತು ವರ್ಷ ಮಾತ್ರೆ ಕೊಟ್ಟ ಮೇಲೆ ಡಿ.ಫಾರ್ಮ್

ಗದಗದ ಔಷಧ ಅಂಗಡಿಯೊಂದರ ಕೌಂಟರಿನಲ್ಲಿ ಒಂಬತ್ತು ವರ್ಷ ನಿಂತವನು ನಾನು. ಎಂಥ ಡಾಕ್ಟರ ಕೈಬರಹವನ್ನೂ ಓದುತ್ತಿದ್ದೆ. ಹಳ್ಳಿಯಿಂದ ಬಂದವರು ನನ್ನನ್ನೇ ‘ಡಾಕ್ಟರೇ’ ಎಂದು ಕರೆದರೆ ತಿದ್ದುತ್ತಿರಲಿಲ್ಲ. ಗೋಡೆಗೆ ತೂಗುಹಾಕಿದ್ದ ಸರ್ಟಿಫಿಕೇಟಿನ ಒಡೆಯರನ್ನು ಅಷ್ಟು ವರ್ಷಗಳಲ್ಲಿ ಕಂಡದ್ದು ಮೂರು ಸಲ.

ವೈದ್ಯರ ಚೀಟಿಗೆ ಔಷಧ ಕೊಡುವ ಅಧಿಕಾರವನ್ನು 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಕೊಟ್ಟಿದೆ. ನನ್ನಂಥವರಿಗೆ ಆರು ತಿಂಗಳ ಒಳದಾರಿ ಏನಾದರೂ ಇದ್ದೀತೆಂದು ವಿಚಾರಿಸಿದೆ. ಬ್ರಿಡ್ಜ್ ಕೋರ್ಸ್ ಎಂಬುದು ಇದೆ. 2014ರ ನಿಯಮಾವಳಿಯಲ್ಲಿ ಬಂದ ಎರಡು ವರ್ಷದ ಬಿ.ಫಾರ್ಮ್ ಪ್ರಾಕ್ಟೀಸ್ ಪದವಿ. ಆದರೆ ಅದು ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ, ಮುಗಿಸಿ, ನೋಂದಣಿಯಾಗಿ, ನಾಲ್ಕು ವರ್ಷ ದುಡಿದವರಿಗೆ. ಹೊಳೆ ದಾಟಿದವರಿಗೆ ಸೇತುವೆ! ಹೊರರಾಜ್ಯದ ಸರ್ಟಿಫಿಕೇಟು ‘ಮನೆಗೇ ತಂದುಕೊಡುತ್ತೇನೆ’ ಎಂದ ಏಜೆಂಟನೊಬ್ಬನೂ ಸಿಕ್ಕಿದ. ಅವನ ಮಾತಿಗೆ ಒಂದು ವಾರ ಮನಸ್ಸು ತೂಗಾಡಿದ್ದು ಸುಳ್ಳಲ್ಲ.

ಪಿಯುಸಿ ವಿಜ್ಞಾನ ಪಾಸಾಗಿದ್ದು ಉಪಯೋಗಕ್ಕೆ ಬಂತು. ಹುಬ್ಬಳ್ಳಿಯ ಕಾಲೇಜಿನಲ್ಲಿ ಡಿ.ಫಾರ್ಮ್‌ಗೆ ಸೇರಿದೆ. ಬೆಳಿಗ್ಗೆ ರೈಲು, ಸಂಜೆ ಮತ್ತೆ ಅದೇ ಅಂಗಡಿ. ಮಾಲೀಕರು ಪಗಾರ ಅರ್ಧ ಮಾಡಿದರು, ಕೆಲಸ ಬಿಡಿಸಲಿಲ್ಲ. ಹಾಜರಿಯ ಲೆಕ್ಕ ಬಿಗಿ, ದೂರಶಿಕ್ಷಣದ ಮಾತೇ ಇಲ್ಲ. ಹುಲಕೋಟಿ, ಅಣ್ಣಿಗೇರಿ ದಾಟುವಷ್ಟರಲ್ಲಿ ರಸಾಯನಶಾಸ್ತ್ರದ ಒಂದು ಪುಟ ತಲೆಗೆ ಹೋದರೆ ಪುಣ್ಯ.

ಫಾರ್ಮಾಸ್ಯೂಟಿಕ್ಸ್, ಅಂದರೆ ಮಾತ್ರೆ-ಔಷಧ ತಯಾರಿಸುವ ಬಗೆಯ ಪಾಠ, ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ. ನಿಧಾನವಾಗಿ ಕರಗುವ ಮಾತ್ರೆಗಳ ಪಾಠ ನಡೆದ ದಿನ ಬೆವರಿದೆ. ಹೆಸರಿನ ಮುಂದೆ ಎಸ್‌ಆರ್ ಎಂದಿರುವ ಅಂಥ ಮಾತ್ರೆ ಇಡೀ ದಿನ ಸ್ವಲ್ಪ ಸ್ವಲ್ಪವೇ ಔಷಧ ಬಿಡುವಂತೆ ಕಟ್ಟಿದ್ದು. ತುಂಡು ಮಾಡಿದರೆ ಆ ಕಟ್ಟು ಒಡೆದು, ದಿನದ ಔಷಧವೆಲ್ಲ ಒಮ್ಮೆಗೇ ರಕ್ತಕ್ಕೆ ಸೇರಬಹುದು. ಬಿಪಿಗೆ ಕೊಡುವ ನಿಫೆಡಿಪಿನ್ ಆದರೆ ಒತ್ತಡ ಸರ್ರನೆ ಇಳಿದು ಮನುಷ್ಯ ಕುಸಿಯಬಹುದು. ನುಂಗಲಾರೆ ಎಂದವರಿಗೆಲ್ಲ ನಾನು ಬ್ಲೇಡಿನಿಂದ ಅರ್ಧ ಮಾಡಿ, ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದೆ, ಅದನ್ನು ದೊಡ್ಡ ಸೇವೆಯೆಂದೇ ತಿಳಿದು. ಯಾರಿಗೆಲ್ಲ ಕೊಟ್ಟೆನೆಂದು ಆ ರಾತ್ರಿ ಮುಖಗಳನ್ನು ಎಣಿಸುತ್ತಾ ಮಲಗಿದ್ದೆ.

ಔಷಧ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಕಲಿಸುವ ಎರಡನೆಯ ವರ್ಷದ ಫಾರ್ಮಕಾಲಜಿಯಲ್ಲಿ ಒಂದು ಪ್ರಯತ್ನ ಹೋಯಿತು. ಹದಿನೆಂಟರ ಹುಡುಗರ ನಡುವೆ ನಪಾಸಾಗುವುದು ಮುಜುಗರ. ಅವರೇ ನನಗೆ ನೋಟ್ಸ್ ಕೊಟ್ಟರು, ನಾನು ಅವರಿಗೆ ಚೀಟಿ ಓದುವುದನ್ನು ಕಲಿಸಿದೆ. ಆಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಒಂಬತ್ತು ವರ್ಷದ ಅನುಭವ ಅದಕ್ಕೆ ಒಂದು ಗಂಟೆಯೂ ಜಮೆಯಾಗಲಿಲ್ಲ. ಮೊದಲು ಸಿಟ್ಟು ಬಂತು. ಆಸ್ಪತ್ರೆಯ ಫಾರ್ಮಸಿಸ್ಟ್ ಮೇಡಂ, ಚೀಟಿ ಕೈಗೆ ಬಂದ ಕೂಡಲೇ ಹಲಗೆಯತ್ತ ಓಡುತ್ತಿದ್ದ ನನ್ನನ್ನು ತಡೆದು, “ಮೊದಲು ಬೇರೆ ಏನು ಔಷಧ ತೆಗೆದುಕೊಳ್ಳುತ್ತಾರೆ ಕೇಳಿರಿ” ಎಂದ ದಿನ ಸಿಟ್ಟು ಇಳಿಯಿತು.

ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿಯಾಗಿ, ಗೋಡೆಯ ಮೇಲೆ ಈಗ ನನ್ನದೇ ಹೆಸರಿದೆ. ಆ ವಾರವೇ ಹಳೆಯ ಗಿರಾಕಿ ಅಜ್ಜಿ ಬಂದು ಎಸ್‌ಆರ್ ಮಾತ್ರೆ ಅರ್ಧ ಮಾಡಿಕೊಡೆಂದರು. ಆಗುವುದಿಲ್ಲ ಎಂದು, ಕಾರಣ ಹೇಳಿ, ಬೇರೆ ಬಗೆಯ ಮಾತ್ರೆಗಾಗಿ ಡಾಕ್ಟರಿಗೆ ಫೋನ್ ಹಚ್ಚಿದೆ.

“ಓದಿದ ಮೇಲೆ ನಿನಗೆ ಸೊಕ್ಕು ಬಂದಿದೆ, ತಮ್ಮಾ” ಎಂದರು ಅಜ್ಜಿ.